ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್: ಶುರು ಮಾಡುವವರು ಮೊದಲು ತಿಳಿಯಬೇಕಾದದ್ದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ, ಅಷ್ಟೆ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ಹೀಗಾಗಿ 2015–16ರ ಸುಮಾರಿಗೆ ಕೊಂಡ ಲ್ಯಾಪ್‌ಟಾಪ್‌ಗಳು, ಇನ್ನೂ ಗಟ್ಟಿಮುಟ್ಟಾಗಿದ್ದರೂ, ಲೆಕ್ಕಕ್ಕಿಲ್ಲದಂತಾದವು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಮನೆಗಳಲ್ಲಿ ಇಂಥದ್ದೊಂದು ಇದೆ. ಮಗನೋ ಮಗಳೋ ಇಂಜಿನಿಯರಿಂಗ್ ಓದುವಾಗ ಕೊಡಿಸಿದ್ದು, ಅವರು ಬೆಂಗಳೂರು ಸೇರಿದ ಮೇಲೆ ಊರಲ್ಲೇ ಉಳಿದದ್ದು. ಅದನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಹಾಕಿ ನೋಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. 4 ಜಿಬಿ ರ್‍ಯಾಮ್ ಇದ್ದರೆ ಬ್ರೌಸರ್, ಪತ್ರ ಬರೆಯುವುದು, ಲೆಕ್ಕ ಇಡುವುದು, ಸಿನಿಮಾ ನೋಡುವುದು ಆರಾಮಾಗಿ ಆಗುತ್ತದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಅದೇ ಯಂತ್ರವಾ ಅನ್ನಿಸುವಷ್ಟು ಚುರುಕಾಗುತ್ತದೆ.

ಹಾಕಿಕೊಂಡವರು ಎಡವುವುದು ಕಲಿಯುವ ಕ್ರಮದಲ್ಲಿ. ಲಿನಕ್ಸ್ ಅಂದ ಕೂಡಲೇ ಕಪ್ಪು ಪರದೆ, ಬಾಯಿಪಾಠ ಮಾಡಬೇಕಾದ ಐವತ್ತು ಕಮಾಂಡ್‌ಗಳ ಪಟ್ಟಿ ಎಂದು ಹೆದರುತ್ತಾರೆ, ಇಲ್ಲವೇ ಆ ಪಟ್ಟಿಯಿಂದಲೇ ಶುರು ಮಾಡಿ ವಾರದೊಳಗೆ ಕೈಬಿಡುತ್ತಾರೆ. ಒಳಗಿನ ಜೋಡಣೆ ಹೇಗಿದೆ, ಸಾಫ್ಟ್‌ವೇರ್ ಎಲ್ಲಿಂದ ಬರುತ್ತದೆ, ಕಡತ ಎಲ್ಲಿ ಕೂರುತ್ತದೆ, ಅದನ್ನು ಮುಟ್ಟುವ ಹಕ್ಕು ಯಾರಿಗಿದೆ ಎಂಬುದು ಮೊದಲು ತಲೆಗೆ ಹೋದರೆ ಕಮಾಂಡ್‌ಗಳು ಬೇಕಾದಾಗ ತಾವೇ ಬರುತ್ತವೆ.

ಲಿನಕ್ಸ್ ಯಾವುದು, ಮಿಂಟ್ ಯಾವುದು

ಸರಿಯಾಗಿ ಹೇಳಬೇಕೆಂದರೆ ಲಿನಕ್ಸ್ ಎನ್ನುವುದು ಕರ್ನಲ್ ಮಾತ್ರ. ಪ್ರೊಸೆಸರ್, ರ್‍ಯಾಮ್, ಡಿಸ್ಕ್, ಕೀಬೋರ್ಡ್ ಇವುಗಳ ಜೊತೆ ನೇರವಾಗಿ ವ್ಯವಹರಿಸುವ, ಯಾವ ಪ್ರೋಗ್ರಾಮಿಗೆ ಎಷ್ಟು ಹೊತ್ತು, ಎಷ್ಟು ಜಾಗ ಎಂದು ಹಂಚಿಕೊಡುವ ತಳದ ಭಾಗ ಅದು. ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದನ್ನು ಬರೆಯತೊಡಗಿದ. ಅದಕ್ಕೂ ಮೊದಲು, 1983ರಲ್ಲೇ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಯೋಜನೆ ಘೋಷಿಸಿದ್ದರು. ಯಾರು ಬೇಕಾದರೂ ಬಳಸಬಹುದಾದ, ಒಳಗಿನ ಬರಹವನ್ನು ಓದಬಹುದಾದ, ತಿದ್ದಬಹುದಾದ, ತಿದ್ದಿದ್ದನ್ನು ಹಂಚಬಹುದಾದ ಇಡೀ ವ್ಯವಸ್ಥೆಯೊಂದನ್ನು ಕಟ್ಟುವುದು ಅವರ ಗುರಿ. ಅದಕ್ಕೆ ಬೇಕಾದ ಉಪಕರಣಗಳು ಬಹುಪಾಲು ತಯಾರಾಗಿದ್ದವು. ಪೂರ್ತಿ ಕೆಲಸ ಮಾಡುವ ಕರ್ನಲ್ ಇರಲಿಲ್ಲ. 1992ರಲ್ಲಿ ಲಿನಕ್ಸ್ ಗ್ನೂವಿನ ಜಿಪಿಎಲ್ ಪರವಾನಗಿಯ ಅಡಿ ಬಂದ ಮೇಲೆ ಎರಡೂ ಕೂಡಿಕೊಂಡವು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದೂ ಲಿನಕ್ಸ್ ಕರ್ನಲ್ಲೇ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಲಿನಕ್ಸ್ ಬಿಟ್ಟು ಬೇರೊಂದಿಲ್ಲ.

ಕರ್ನಲ್ ಒಂದನ್ನೇ ಇಟ್ಟುಕೊಂಡು ಮನೆಯವರು ಏನೂ ಮಾಡಲಾರರು. ಅದರ ಮೇಲೆ ಕಿಟಕಿ, ಮೆನು, ಬ್ರೌಸರ್, ಸೆಟ್ಟಿಂಗ್ಸ್ ಎಲ್ಲ ಜೋಡಿಸಿ, ಒಂದಕ್ಕೊಂದು ಹೊಂದುತ್ತದೆಯೇ ಎಂದು ಪರೀಕ್ಷಿಸಿ ಕೊಡುವ ತಂಡಗಳಿವೆ. ಹಾಗೆ ಜೋಡಿಸಿದ್ದಕ್ಕೆ ಡಿಸ್ಟ್ರೊ ಎನ್ನುತ್ತಾರೆ. ಒಂದೇ ತೋಟದ ಅಡಿಕೆ ಕೊಯ್ಲಿನ ಹದ, ಬೇಯಿಸುವ ಬಗೆಯ ಮೇಲೆ ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆಯಾಗಿ ಮಂಡಿಗೆ ಹೋಗುತ್ತದಲ್ಲ, ಡೆಬಿಯನ್, ಉಬುಂಟು, ಫೆಡೋರಾ, ಮಿಂಟ್ ಎಂಬ ಹೆಸರುಗಳ ಕತೆಯೂ ಹಾಗೇ. ಡೆಬಿಯನ್ ಶುರುವಾದದ್ದು 1993ರಲ್ಲಿ. ಅದರ ಮೇಲೆ ಕಟ್ಟಿದ ಉಬುಂಟು 2004ರಲ್ಲಿ ಬಂತು, ಉಬುಂಟುವಿನ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 2006ರಲ್ಲಿ.

ಹೊಸಬರಿಗೆ ನನ್ನ ಸಲಹೆ ಮಿಂಟ್. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ, ವೈಫೈ. ವಿಂಡೋಸ್ ಬಳಸಿದ ಕೈಗೆ ಕೂಡಲೇ ಒಗ್ಗುತ್ತದೆ. ಅದರಲ್ಲಿ ಮೂರು ರೂಪಗಳಿವೆ. ರ್‍ಯಾಮ್ 4 ಜಿಬಿಯೋ ಕಡಿಮೆಯೋ ಇದ್ದರೆ ಎಕ್ಸ್‌ಎಫ್‌ಸಿಇ, ಹೆಚ್ಚಿದ್ದರೆ ಸಿನಮನ್. ಮಾಟೆ ಇವೆರಡರ ನಡುವಿನದು. 2024ರ ಜುಲೈನಲ್ಲಿ ಬಂದ ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಯಾವ ಡಿಸ್ಟ್ರೊ ಶ್ರೇಷ್ಠ ಎಂಬ ಚರ್ಚೆಯಲ್ಲಿ ತಿಂಗಳು ಕಳೆಯುವವರಿದ್ದಾರೆ. ಕಲಿಯುವವರಿಗೆ ಆ ಚರ್ಚೆಯಿಂದ ಏನೂ ಸಿಗದು.

ಹಾಕುವ ಮೊದಲು ಪೆನ್‌ಡ್ರೈವಿನಲ್ಲೇ ನೋಡಿ

ಲಿನಕ್ಸಿನ ದೊಡ್ಡ ಅನುಕೂಲವೆಂದರೆ ಕಂಪ್ಯೂಟರಿನಲ್ಲಿ ಒಂದಕ್ಷರವನ್ನೂ ಬದಲಿಸದೆ ಅದನ್ನು ಪೂರ್ತಿ ಬಳಸಿ ನೋಡಬಹುದು. ಮಿಂಟ್ ತಾಣದಿಂದ ಐಎಸ್‌ಒ ಕಡತ, ಅಂದರೆ ಇಡೀ ಮಿಂಟ್ ಅಡಕವಾಗಿರುವ ಒಂದೇ ಕಡತ, ಇಳಿಸಿಕೊಳ್ಳಬೇಕು. ಸುಮಾರು 3 ಜಿಬಿ ಇರುತ್ತದೆ. ಹಳ್ಳಿಯ ನೆಟ್‌ನಲ್ಲಿ ಇಳಿಯಲು ಇಡೀ ರಾತ್ರಿ ಹಿಡಿಯಬಹುದು, ಶಿವಮೊಗ್ಗಕ್ಕೆ ಹೋದಾಗ ಯಾರದಾದರೂ ಫೈಬರ್ ಸಂಪರ್ಕದಲ್ಲಿ ಇಳಿಸಿಕೊಂಡು ಬನ್ನಿ. 8 ಜಿಬಿಯ ಪೆನ್‌ಡ್ರೈವ್ ಒಂದಕ್ಕೆ ರೂಫಸ್ ಅಥವಾ ಎಚ್ಚರ್ ಎಂಬ ಸಾಫ್ಟ್‌ವೇರಿನಿಂದ ಅದನ್ನು ಬರೆಯಬೇಕು. ಸುಮ್ಮನೆ ಕಾಪಿ ಮಾಡಿದರೆ ಆಗುವುದಿಲ್ಲ. ಪೆನ್‌ಡ್ರೈವಿನಲ್ಲಿ ಮೊದಲು ಏನಿತ್ತೋ ಅದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

ಪೆನ್‌ಡ್ರೈವ್ ಚುಚ್ಚಿ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಎಫ್12 ಒತ್ತಿ. ಕೆಲವು ಕಂಪನಿಗಳಲ್ಲಿ ಎಫ್9 ಅಥವಾ ಎಸ್ಕೇಪ್ ಇರುತ್ತದೆ. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವಿನ ಹೆಸರು ಆರಿಸಿದರೆ ಕೆಲವು ನಿಮಿಷಗಳಲ್ಲಿ ಮಿಂಟ್ ಪರದೆ ತೆರೆಯುತ್ತದೆ. ಇದನ್ನು ಲೈವ್ ಎನ್ನುತ್ತಾರೆ. ಎಲ್ಲವೂ ರ್‍ಯಾಮಿನಲ್ಲಿ ನಡೆಯುತ್ತಿರುತ್ತದೆ, ರೀಸ್ಟಾರ್ಟ್ ಮಾಡಿ ಪೆನ್‌ಡ್ರೈವ್ ತೆಗೆದರೆ ನಿಮ್ಮ ಹಳೆಯ ವಿಂಡೋಸ್ ಇದ್ದಹಾಗೇ ಇರುತ್ತದೆ. ಇಲ್ಲಿ ನೋಡಬೇಕಾದದ್ದು ವಾಲ್‌ಪೇಪರ್ ಎಷ್ಟು ಚಂದ ಅಂತಲ್ಲ. ವೈಫೈ ಹಿಡಿಯುತ್ತದಾ, ಸದ್ದು ಬರುತ್ತದಾ, ಕ್ಯಾಮೆರಾ ಕೆಲಸ ಮಾಡುತ್ತದಾ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತದಾ, ಮನೆಯ ಪ್ರಿಂಟರ್ ಮುದ್ರಿಸುತ್ತದಾ. ಇಷ್ಟು ಸರಿ ಇದ್ದರೆ ಮುಂದುವರಿಯಿರಿ.

ವೈಫೈ ಹಿಡಿಯದಿದ್ದರೆ ಗಾಬರಿ ಬೇಡ. ಕೆಲವು ಹಳೆಯ ವೈಫೈ ಚಿಪ್‌ಗಳಿಗೆ ಅವನ್ನು ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಬೇರೆಯಾಗಿ ಹಾಕಬೇಕು, ಅದನ್ನು ಹಾಕಲು ನೆಟ್ ಬೇಕು, ನೆಟ್‌ಗೆ ವೈಫೈ ಬೇಕು ಎಂಬ ಸುತ್ತಿನಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ಫೋನನ್ನು ಚಾರ್ಜಿಂಗ್ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸೇರಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಯಾವ ಡ್ರೈವರಿನ ಹಂಗೂ ಇಲ್ಲದೆ ನೆಟ್ ಬರುತ್ತದೆ. ಆಮೇಲೆ ಮೆನುವಿನ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ್ದನ್ನು ಅದೇ ಹುಡುಕಿಕೊಡುತ್ತದೆ.

ಇನ್‌ಸ್ಟಾಲ್ ಮಾಡುವಾಗ ಹೆಸರು, ಊರು, ಪಾಸ್‌ವರ್ಡ್ ಕೇಳುವ ಪರದೆಗಳೆಲ್ಲ ಸುಲಭ. ಡಿಸ್ಕ್ ಬಗ್ಗೆ ಕೇಳುವ ಪರದೆ ಬಂದಾಗ ಮಾತ್ರ ನಿಲ್ಲಿ. ‘ವಿಂಡೋಸ್ ಪಕ್ಕದಲ್ಲೇ ಹಾಕು’ ಅನ್ನುವ ಆಯ್ಕೆ ಒಂದು, ‘ಡಿಸ್ಕ್ ಪೂರ್ತಿ ಅಳಿಸಿ ಹಾಕು’ ಅನ್ನುವುದು ಇನ್ನೊಂದು. ಎರಡನೆಯದನ್ನು ಒತ್ತಿದರೆ ಸಿ ಡ್ರೈವ್ ಮಾತ್ರವಲ್ಲ, ಡಿ, ಇ ಎಲ್ಲವೂ ಹೋಗುತ್ತವೆ. ಮದುವೆ ಫೋಟೋಗಳು ಡಿ ಡ್ರೈವಿನಲ್ಲಿವೆ, ಏನೂ ಆಗಲ್ಲ ಎಂದುಕೊಂಡು ಕಳೆದುಕೊಂಡವರಿದ್ದಾರೆ. ಆದ್ದರಿಂದ ಇನ್‌ಸ್ಟಾಲ್‌ಗೆ ಮೊದಲು ಫೋಟೋ, ಪಹಣಿ, ಅಂಕಪಟ್ಟಿ, ಲೆಕ್ಕದ ಕಡತ ಎಲ್ಲವೂ ಬೇರೆ ಹಾರ್ಡ್ ಡಿಸ್ಕಿನಲ್ಲಿ ಇರಲೇಬೇಕು. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ಅದು ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿ ಇರುತ್ತದೆ, ಲಿನಕ್ಸಿನಿಂದ ಆ ಡ್ರೈವಿಗೆ ಏನನ್ನೂ ಬರೆಯಲಾಗುವುದಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟ್ ನಂಬಿ ಈ ಕೆಲಸಕ್ಕೆ ಕೂರಬೇಡಿ. ಪಾರ್ಟಿಷನ್ ಎಂಬ ಡಿಸ್ಕಿನ ಪಾಲುಗಳ ಜಾಗ ಬದಲಿಸುವ ಹೊತ್ತಿನಲ್ಲಿ ಯಂತ್ರ ಆರಿಹೋದರೆ ಡೇಟಾ ಕೆಡುವ ಅಪಾಯ ನಿಜವಾಗಿ ಇದೆ. ಬ್ಯಾಟರಿ ತುಂಬಿರಲಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಯುಪಿಎಸ್ ಇರಲಿ. ಒಮ್ಮೆ ಹಾಕಿದ ಮೇಲೆ ಅಷ್ಟು ಭಯವಿಲ್ಲ. ಲಿನಕ್ಸಿನ ಎಕ್ಸ್ಟ್4 ಕಡತ ವ್ಯವಸ್ಥೆ ತಾನು ಮಾಡಲಿರುವ ಬದಲಾವಣೆಯನ್ನು ಮೊದಲು ಜರ್ನಲ್ ಎಂಬ ಕಡೆ ಬರೆದುಕೊಂಡು ಆಮೇಲೆ ಮಾಡುತ್ತದೆ. ನಡುವೆ ಕರೆಂಟ್ ಹೋದರೂ ಮುಂದಿನ ಸಲ ಆನ್ ಆದಾಗ ಆ ಜರ್ನಲ್ ಓದಿ ಒಳಗಿನ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಸೇವ್ ಮಾಡದ ಬರಹವನ್ನು ಮಾತ್ರ ಅದೂ ಉಳಿಸಲಾರದು.

ಸಿ ಡ್ರೈವ್ ಎಲ್ಲಿ?

ಇದು ಬಹುಶಃ ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಲಿನಕ್ಸಿನಲ್ಲಿ ಸಿ, ಡಿ ಎಂಬ ಹೆಸರುಗಳಿಲ್ಲ. ಒಂದೇ ಬೇರು, ಅದರ ಗುರುತು ಒಂದು ಓರೆಗೆರೆ: /. ಉಳಿದದ್ದೆಲ್ಲ ಅದರಿಂದ ಕವಲೊಡೆದದ್ದು. ‘ಹೋಮ್’ ಎಂಬ ಫೋಲ್ಡರಿನೊಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ, ನಿಮ್ಮ ಫೋಟೋ, ಪತ್ರ, ಡೌನ್‌ಲೋಡ್ ಎಲ್ಲ ಅಲ್ಲೇ. ಪೆನ್‌ಡ್ರೈವ್ ಹಾಕಿದರೆ ಅದು ಕೂಡ ಬೇರೆ ಅಕ್ಷರ ಹೊತ್ತು ಬರುವುದಿಲ್ಲ, ‘ಮೀಡಿಯಾ’ ಎಂಬ ಕವಲಿನಲ್ಲಿ ಬಂದು ಸೇರಿಕೊಳ್ಳುತ್ತದೆ. ಇನ್ನೊಂದು ವಿಷಯ, ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆಬೇರೆ ಎಂದೇ ಲೆಕ್ಕ. ಒಂದೇ ಕಾಗುಣಿತದ ಎರಡು ಕಡತ ಪಕ್ಕಪಕ್ಕದಲ್ಲೇ ಇರಬಹುದು.

ಪೆನ್‌ಡ್ರೈವಿನ ವಿಷಯ ಬಂದದ್ದರಿಂದ ಒಂದು ಮಾತು. ಸಿನಿಮಾ ಕಾಪಿ ಮಾಡುತ್ತೀರಿ, ಹಸಿರು ಪಟ್ಟಿ ಸರ್ರನೆ ಕೊನೆ ಮುಟ್ಟುತ್ತದೆ, ಕಿತ್ತುಕೊಂಡು ಹೋಗುತ್ತೀರಿ, ಟಿವಿಯಲ್ಲಿ ಹಾಕಿದರೆ ಅರ್ಧಕ್ಕೆ ನಿಲ್ಲುತ್ತದೆ. ಪೆನ್‌ಡ್ರೈವಿನ ತಪ್ಪೇನಿಲ್ಲ. ಬರೆಯಬೇಕಾದ್ದನ್ನು ಲಿನಕ್ಸ್ ಮೊದಲು ರ್‍ಯಾಮಿನಲ್ಲಿ ಇಟ್ಟುಕೊಂಡು, ನಿಧಾನವಾದ ಪೆನ್‌ಡ್ರೈವಿಗೆ ಹಿಂದಿನಿಂದ ತುಂಬುತ್ತಿರುತ್ತದೆ. ಇಜೆಕ್ಟ್ ಒತ್ತಿ, ತೆಗೆಯಬಹುದು ಎಂದು ಹೇಳುವವರೆಗೆ ಕಾಯಬೇಕು. ಕೆಲವೊಮ್ಮೆ ಐದು ನಿಮಿಷವೂ ಆಗುತ್ತದೆ.

ಹೋಮ್ ಫೋಲ್ಡರಿನಲ್ಲಿ ನೀವು ಏನು ಬೇಕಾದರೂ ಮಾಡಬಹುದು. ಅದರಾಚೆಗಿನ ವ್ಯವಸ್ಥೆಯ ಕಡತಗಳು ರೂಟ್ ಎಂಬ ಬಳಕೆದಾರನಿಗೆ ಸೇರಿದ್ದು. ಸಾಫ್ಟ್‌ವೇರ್ ಹಾಕುವುದು, ತೆಗೆಯುವುದು ಮುಂತಾದ ಕೆಲಸಕ್ಕೆ ಆ ಒಂದು ಹೊತ್ತಿಗೆ ಮಾತ್ರ ಪಾಸ್‌ವರ್ಡ್ ಕೊಟ್ಟು ರೂಟ್ ಅಧಿಕಾರ ಪಡೆಯುತ್ತೀರಿ. ಕಮಾಂಡ್ ಟೈಪಿಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಇದಕ್ಕೆ ಸುಡೋ ಎಂಬ ಪದ ಕಮಾಂಡಿನ ಮುಂದೆ ಬರುತ್ತದೆ. ಯಾವುದೋ ಕೆಟ್ಟ ಕಡತ ಒಳಗೆ ಬಂದರೂ ನಿಮ್ಮ ಪಾಸ್‌ವರ್ಡ್ ಇಲ್ಲದೆ ಇಡೀ ವ್ಯವಸ್ಥೆಯನ್ನು ಕೆಡಿಸುವುದು ಕಷ್ಟ. ಆದರೆ ನಿಮ್ಮದೇ ಹೋಮ್ ಫೋಲ್ಡರಿನ ಫೋಟೋಗಳನ್ನು ಅದು ಅಳಿಸಬಲ್ಲದು. ಹಾಗಾಗಿ ಲಿನಕ್ಸಿಗೆ ವೈರಸ್ಸೇ ಬರಲ್ಲ ಎಂಬ ಮಾತನ್ನು ಪೂರ್ತಿ ನಂಬಬೇಡಿ.

ಹೊಸನಗರ ಕಡೆಯ ನನ್ನ ಸೋದರತ್ತೆಯ ಮಗ ಮೊದಲ ದಿನವೇ ಫೋನ್ ಮಾಡಿ, “ಭಾವ, ಪಾಸ್‌ವರ್ಡ್ ಬೀಳ್ತಾನೇ ಇಲ್ವಲ್ಲ, ಕೀಬೋರ್ಡ್ ಹೋಯ್ತಾ ಎಂತದು?” ಎಂದ. ಕೀಬೋರ್ಡ್ ಸರಿಯಾಗೇ ಇತ್ತು. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಟೈಪಿಸುವಾಗ ಪರದೆಯ ಮೇಲೆ ಅಕ್ಷರ ಬಿಡಿ, ಚುಕ್ಕಿಯೂ ಕಾಣದಿರಬಹುದು. ಎಷ್ಟು ಅಕ್ಷರದ ಪಾಸ್‌ವರ್ಡ್ ಎಂಬುದು ಪಕ್ಕದಲ್ಲಿ ನಿಂತವರಿಗೂ ತಿಳಿಯಬಾರದು ಎಂದು ಹಾಗೆ ಮಾಡಿದ್ದಾರೆ. ಕಾಣದಿದ್ದರೂ ಟೈಪಿಸಿ ಎಂಟರ್ ಒತ್ತಿದರಾಯಿತು.

ಸಾಫ್ಟ್‌ವೇರ್ ಬೇಕಾದಾಗ ವಿಂಡೋಸ್‌ನಲ್ಲಿ ಗೂಗಲ್‌ನಲ್ಲಿ ಹುಡುಕಿ, ಯಾವುದೋ ತಾಣದಿಂದ ಇಳಿಸಿ, ನೆಕ್ಸ್ಟ್ ನೆಕ್ಸ್ಟ್ ಒತ್ತುವುದು ರೂಢಿ. ಲಿನಕ್ಸಿನಲ್ಲಿ ಈ ರೂಢಿಯನ್ನು ಬಿಡಬೇಕು. ಮೆನುವಿನ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದರೆ ಡಿಸ್ಟ್ರೊ ತಂಡದ ಭಂಡಾರದಲ್ಲಿರುವ ಸಾವಿರಾರು ಸಾಫ್ಟ್‌ವೇರ್‌ಗಳು ಕಾಣುತ್ತವೆ. ಫೋನಿನ ಪ್ಲೇಸ್ಟೋರ್ ಬಳಸಿದವರಿಗೆ ಹೊಸತೇನಲ್ಲ. ಎಲ್ಲವೂ ಒಂದೇ ಕಡೆಯಿಂದ ಬರುವುದರಿಂದ ಅಪ್‌ಡೇಟ್ ಕೂಡ ಒಂದೇ ಕಡೆ. ಕರ್ನಲ್ಲಿನಿಂದ ಹಿಡಿದು ಸಿನಿಮಾ ನೋಡುವ ವಿಎಲ್‌ಸಿ ತನಕ ಅಪ್‌ಡೇಟ್ ಮ್ಯಾನೇಜರ್ ನೋಡಿಕೊಳ್ಳುತ್ತದೆ. ಯಾವಾಗ ಹಾಕಬೇಕು, ಯಾವಾಗ ರೀಸ್ಟಾರ್ಟ್ ಮಾಡಬೇಕು ಎಂಬುದು ನಿಮ್ಮ ಕೈಯಲ್ಲಿ. ದಿನಕ್ಕಿಷ್ಟು ಡೇಟಾ ಎಂದು ಲೆಕ್ಕ ಹಾಕಿ ಬಳಸುವ ನಮ್ಮ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಟರ್ಮಿನಲ್ ಯಾಕೆ ಬೇಕು

ಬೇಡ ಅನ್ನಿಸಿದರೆ ಬಹುಕಾಲ ಅದನ್ನು ತೆರೆಯದೆಯೂ ಇರಬಹುದು. ಆದರೆ ಅದರ ಹಿಂದಿರುವ ಯೋಚನೆ ಅಷ್ಟು ಸೊಗಸಾದ್ದು, ಬಿಡಲು ನನಗೆ ಮನಸ್ಸಿಲ್ಲ. ಉದಾಹರಣೆಗೆ, ‘ಮಂಡಿ’ ಎಂಬ ಹೆಸರಿನ ಸಾದಾ ಪಠ್ಯದ ಕಡತವೊಂದರಲ್ಲಿ ವರ್ಷವಿಡೀ ಅಡಿಕೆ ಮಾರಿದ ಲೆಕ್ಕವಿದೆ ಎನ್ನಿ. ಸಾಲಿಗೊಂದು ವ್ಯಾಪಾರ: ತಾರೀಕು, ಬಗೆ, ತೂಕ, ದರ. ಟರ್ಮಿನಲ್ ತೆರೆದು

ಗ್ರೆಪ್ ರಾಶಿ ಮಂಡಿ

ಎಂದು ಕೊಟ್ಟರೆ ರಾಶಿ ಎಂಬ ಪದ ಇರುವ ಸಾಲುಗಳು ಮಾತ್ರ ಪರದೆಗೆ ಬರುತ್ತವೆ. ಕಮಾಂಡಿನ ಹೆಸರನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಜಿ ಆರ್ ಇ ಪಿ ಎಂದು ಬರೆಯಬೇಕು. ಹುಡುಕುವ ಪದ, ಕಡತದ ಹೆಸರು ಕನ್ನಡದಲ್ಲೇ ಇರಲಿ, ತೊಂದರೆಯಿಲ್ಲ. ಈಗ ರಾಶಿ ಎಷ್ಟು ಸಲ ಮಾರಿದ್ದು ಎಂದು ತಿಳಿಯಬೇಕು. ಅದೇ ಸಾಲಿನ ಕೊನೆಗೆ | ಎಂಬ ನೆಟ್ಟನೆಯ ಗೀಟು ಹಾಕಿ, ಮುಂದೆ ಡಬ್ಲ್ಯು ಸಿ, ಒಂದು ಜಾಗ ಬಿಟ್ಟು ಸಣ್ಣ ಅಡ್ಡಗೆರೆ, ಅದಕ್ಕೆ ತಾಗಿ ಎಲ್ ಅಕ್ಷರ ಬರೆಯಿರಿ. ಒಂದು ಸಂಖ್ಯೆ ಬರುತ್ತದೆ, ಸಾಲುಗಳ ಎಣಿಕೆ. ಆ ಗೀಟಿಗೆ ಪೈಪ್ ಎನ್ನುತ್ತಾರೆ. ಎಡಗಡೆಯ ಕಮಾಂಡಿನಿಂದ ಹೊರಬಂದದ್ದನ್ನು ಬಲಗಡೆಯದರ ಒಳಗೆ ಹಾಯಿಸುವುದು ಅದರ ಕೆಲಸ. ಲಿನಕ್ಸ್ ಯಾವುದರ ಮಾದರಿಯಲ್ಲಿ ಹುಟ್ಟಿತೋ ಆ ಯುನಿಕ್ಸ್ ಎಂಬ ಹಳೆಯ ವ್ಯವಸ್ಥೆಗೆ ಡಗ್ಲಸ್ ಮ್ಯಾಕಿಲ್ರಾಯ್ ಸೂಚಿಸಿದಂತೆ ಪೈಪ್ ಬಂದದ್ದು 1973ರಲ್ಲಿ. ಒಂದೊಂದು ಉಪಕರಣವೂ ಒಂದೇ ಕೆಲಸವನ್ನು ಚೆನ್ನಾಗಿ ಮಾಡಲಿ, ಬೇಕಾದವರು ಬೇಕಾದಂತೆ ಜೋಡಿಸಿಕೊಳ್ಳಲಿ ಎಂಬ ಆ ಯೋಚನೆ ಐವತ್ತು ವರ್ಷ ದಾಟಿದರೂ ಹಳತಾಗಿಲ್ಲ. ಇಷ್ಟು ಅರ್ಥವಾದ ದಿನ ಟರ್ಮಿನಲ್‌ನ ಭಯ ಹೋಗುತ್ತದೆ.

ಎರಡು ಎಚ್ಚರಿಕೆ ಮಾತ್ರ. ಟರ್ಮಿನಲ್‌ನಲ್ಲಿ ಕಂಟ್ರೋಲ್ ಸಿ ಒತ್ತಿದರೆ ಕಾಪಿ ಆಗುವುದಿಲ್ಲ, ನಡೆಯುತ್ತಿರುವ ಕೆಲಸ ನಿಲ್ಲುತ್ತದೆ. ಕಾಪಿಗೆ ಜೊತೆಗೆ ಶಿಫ್ಟ್ ಕೂಡ ಒತ್ತಬೇಕು. ನೆಟ್‌ನಲ್ಲಿ ಸಿಕ್ಕ ಕಮಾಂಡನ್ನು ಏನೆಂದು ತಿಳಿಯದೆ ಅಂಟಿಸಬೇಡಿ, ಅದರಲ್ಲೂ ಸುಡೋದಿಂದ ಶುರುವಾಗುವಂಥದ್ದನ್ನು. ಆರ್ ಎಂ ಎಂಬ ಕಮಾಂಡ್ ಅಳಿಸಿದ್ದು ಕಸದಬುಟ್ಟಿಗೆ ಹೋಗುವುದಿಲ್ಲ, ಹೋಯಿತೆಂದರೆ ಹೋಯಿತು.

ಕನ್ನಡ ಟೈಪ್ ಮಾಡುವುದು

ನಮ್ಮವರಲ್ಲಿ ಬಹಳ ಜನ ಲಿನಕ್ಸ್ ಬಿಡುವುದು ಇಲ್ಲಿ. ನುಡಿ ಇಲ್ಲವಲ್ಲ ಅನ್ನುತ್ತಾರೆ. ಅದೇ ಕೀಲಿಮಣೆ ಇದೆ. ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿ ನಾವೆಲ್ಲ ಕಲಿತ ವಿನ್ಯಾಸ ಇಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಐಬಸ್-ಎಂ17ಎನ್ ಎಂಬುದನ್ನು ಹಾಕಿ, ಇನ್‌ಪುಟ್ ಮೆಥಡ್ ಸೆಟ್ಟಿಂಗ್ಸ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗೌಟ್ ಆಗಿ ಬನ್ನಿ. ನಂತರ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಸೇರಿಸಿ. ಗ, ಎಫ್, ಗ ಒತ್ತಿದರೆ ಗ್ಗ. ನುಡಿಯಲ್ಲಿ ಕೂತ ಬೆರಳಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ. ಇಂಗ್ಲಿಷಿನಂತೆ ಟೈಪಿಸಿ ಅಭ್ಯಾಸವಿದ್ದವರಿಗೆ ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಅದೇ ಪಟ್ಟಿಯಲ್ಲಿದೆ. ಫಾಂಟ್‌ಗಳಲ್ಲಿ ನೋಟೋ, ಲೋಹಿತ್ ಜೊತೆಗೆ ಗುಬ್ಬಿ, ನವಿಲು ಎಂಬ ಕನ್ನಡದ್ದೇ ಮುಕ್ತ ಫಾಂಟ್‌ಗಳೂ ಭಂಡಾರದಲ್ಲಿವೆ.

ಪತ್ರ ಬರೆಯಲು ಲಿಬ್ರೆ ಆಫೀಸ್ ಮೊದಲೇ ಇರುತ್ತದೆ. ಕನ್ನಡದಲ್ಲಿ ಬರೆಯುವವರು ಅದರಲ್ಲಿ ಒಂದು ಸೆಟ್ಟಿಂಗ್ ಮಾಡಿಕೊಳ್ಳಬೇಕು. ಇಂಗ್ಲಿಷಿನಂಥ ಲಿಪಿಗಳಿಗೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಬೇರೊಂದು ಫಾಂಟ್ ಎಂದು ಅದು ಎರಡು ಲೆಕ್ಕ ಇಟ್ಟುಕೊಳ್ಳುತ್ತದೆ. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್ ಎಂದು ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬಲ್ಲಿ ಗುರುತು ಹಾಕಿ ಕನ್ನಡ ಆರಿಸಿಕೊಳ್ಳಿ. ಇದನ್ನು ಮಾಡದವರು ಫಾಂಟ್ ಬದಲಿಸಿದರೂ ಕನ್ನಡ ಬದಲಾಗುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ನಿಜವಾದ ತೊಡಕು ಹಳೆಯ ಕಡತಗಳದ್ದು. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ಎಂಬ ಸಾಫ್ಟ್‌ವೇರ್‌ಗಳ ಫಾಂಟ್‌ಗಳಲ್ಲಿ ಬರೆದ ಸಂಘದ ನಡಾವಳಿ, ಮಠದ ಆಮಂತ್ರಣ, ಶಾಲೆಯ ಪ್ರಶ್ನೆಪತ್ರಿಕೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಕೆಟ್ಟಿಲ್ಲ. ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಕಡತದೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಅದೇ ಫಾಂಟ್ ತಂದು ಹಾಕಿದರೆ ಓದಲು ಕಾಣುತ್ತದೆ, ಆದರೆ ಗ್ರೆಪ್‌ಗಾಗಲಿ ಗೂಗಲ್‌ಗಾಗಲಿ ಅದರಲ್ಲಿ ಒಂದು ಕನ್ನಡ ಪದವೂ ಸಿಗದು. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಲಿನಕ್ಸಿಗೆ ಬರುವುದಿರಲಿ ಬಿಡಲಿ, ಈ ಕೆಲಸವನ್ನು ಇವತ್ತೇ ಮಾಡಬೇಕು. ಊರಿನ ಎಷ್ಟೋ ದಾಖಲೆ ಆ ಹಳೆಯ ಸಂಕೇತಗಳೊಳಗೆ ಸಿಕ್ಕಿಕೊಂಡಿದೆ.

ಎಲ್ಲರೂ ಲಿನಕ್ಸಿಗೆ ಬರಬೇಕು ಎಂದು ನಾನು ಹೇಳುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಇಡುವ ಅಂಗಡಿ, ಕೋರೆಲ್‌ಡ್ರಾ, ಫೋಟೋಶಾಪ್ ನಂಬಿರುವ ಫ್ಲೆಕ್ಸ್ ಮುದ್ರಕರು, ಆಟೋಕ್ಯಾಡ್‌ನಲ್ಲಿ ಮನೆ ನಕ್ಷೆ ಬರೆಯುವವರು ವಿಂಡೋಸ್‌ನಲ್ಲೇ ಇರುವುದು ಒಳ್ಳೆಯದು. ವೈನ್ ಎಂಬ ಸಾಫ್ಟ್‌ವೇರಿನ ಮೂಲಕ ಕೆಲವು ವಿಂಡೋಸ್ ಪ್ರೋಗ್ರಾಮುಗಳು ಲಿನಕ್ಸಿನಲ್ಲಿ ಓಡುತ್ತವೆ, ಆದರೆ ದುಡಿಮೆಯನ್ನು ಅದರ ಮೇಲೆ ನಿಲ್ಲಿಸಬಾರದು. ಡಿಜಿಟಲ್ ಸಹಿಯ ಡಾಂಗಲ್ ಬಳಸುವವರು ಅದಕ್ಕೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲೇ ವಿಚಾರಿಸಿ. ಪ್ರಿಂಟರ್ ಹೊಸದಾಗಿ ಕೊಳ್ಳುವವರೂ ಅಷ್ಟೆ. ಬ್ರೌಸರಿನಲ್ಲಿ ಆಗುವ ಕೆಲಸಗಳಿಗೆ, ಅಂದರೆ ಪಹಣಿ ನೋಡುವುದು, ಬ್ಯಾಂಕ್, ಪರೀಕ್ಷೆಯ ಅರ್ಜಿ, ಮಕ್ಕಳ ಆನ್‌ಲೈನ್ ಪಾಠ, ಸಾಮಾನ್ಯವಾಗಿ ಅಡ್ಡಿಯಿಲ್ಲ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳು ಉಬುಂಟು ಆಧಾರದ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ನಮ್ಮ ಹಳ್ಳಿ ಶಾಲೆಗಳ ಮೂಲೆಯಲ್ಲಿ ಧೂಳು ಹಿಡಿದ ಯಂತ್ರಗಳನ್ನು ಕಂಡಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಇನ್‌ಸ್ಟಾಲ್ ಆದ ದಿನವೇ ಮಾಡಬೇಕಾದ ಕೆಲಸವೊಂದಿದೆ. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬುದು ಮೊದಲೇ ಇರುತ್ತದೆ, ಅದನ್ನು ತೆರೆದು ವಾರಕ್ಕೊಂದು ಸ್ನ್ಯಾಪ್‌ಶಾಟ್ ಎಂದು ಹೇಳಿಬಿಡಿ. ಮುಂದೆ ಅಪ್‌ಡೇಟ್‌ನಿಂದಲೋ ನಿಮ್ಮದೇ ಪ್ರಯೋಗದಿಂದಲೋ ಏನಾದರೂ ಕೆಟ್ಟರೆ ಹಿಂದಿನ ವಾರದ ಸ್ಥಿತಿಗೆ ಮರಳಬಹುದು. ಪರದೆಯೇ ಬಾರದಷ್ಟು ಕೆಟ್ಟಿದ್ದರೆ ಇನ್‌ಸ್ಟಾಲ್‌ಗೆ ಬಳಸಿದ ಪೆನ್‌ಡ್ರೈವಿನಿಂದ ಲೈವ್‌ಗೆ ಹೋಗಿ ಅಲ್ಲಿಂದಲೂ ಟೈಮ್‌ಶಿಫ್ಟ್ ಓಡಿಸಬಹುದು, ಹಾಗಾಗಿ ಆ ಪೆನ್‌ಡ್ರೈವನ್ನು ಅಳಿಸದೆ ಎತ್ತಿಡಿ. ಆದರೆ ಟೈಮ್‌ಶಿಫ್ಟ್ ಕಾಯುವುದು ವ್ಯವಸ್ಥೆಯ ಕಡತಗಳನ್ನು ಮಾತ್ರ. ಹೋಮ್ ಫೋಲ್ಡರಿನ ಫೋಟೋ, ಪತ್ರ, ಲೆಕ್ಕಗಳನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲ, ಅವಕ್ಕೆ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಬೇರೆ ಪ್ರತಿ ಇಡಬೇಕು.